ಹಳ್ಳದ ಕಡೆಯ ಗೂಟ

ಮಳೆಗಾಲ ಹಿಡಿದ ಮೇಲೆ ತಾರವ್ವ ಒಂದು ಜಾಲಿ ಗೂಟ ಕಡಿದು ತರುತ್ತಾಳೆ. ಮೊಳಕ್ಕಿಂತ ತುಸು ಉದ್ದದ್ದು. ಸಿಪ್ಪೆ ಕೆತ್ತಿ, ಕುಡಗೋಲಿನ ಮೊನೆಯಿಂದ ಮೂರು ಕಚ್ಚು ಹಾಕುತ್ತಾಳೆ. ಊರ ಕೆಳಗಿನ ಹಳ್ಳದಲ್ಲಿ ಆಣೆಕಟ್ಟಿನ ಹಿನ್ನೀರು ಎಲ್ಲಿವರೆಗೆ ಬಂದು ನಿಂತಿದೆಯೋ ಅಲ್ಲಿಗೆ ಹೋಗಿ, ನೀರಿನ ಅಂಚಿಗೆ ಸರಿಯಾಗಿ ಅದನ್ನು ಕಲ್ಲಿನಿಂದ ಬಡಿದು ನಿಲ್ಲಿಸುತ್ತಾಳೆ. ಆಮೇಲೆ ಬಂದು ನೋಡಿದಾಗ ಗೂಟ ನೀರಿನೊಳಗಿದ್ದರೆ ನೀರು ಏರಿದೆ. ಒಣಗಿದ ಕೆಸರಲ್ಲಿದ್ದರೆ ಇಳಿದಿದೆ. ಊರಿನ ಇನ್ನೂ ನಾಲ್ಕಾರು ಜನ ಹೀಗೆ ಗೂಟ ನೆಡುತ್ತಾರೆ. ಆದರೆ ಅವರೆಲ್ಲ ನೆಡುವುದು ನದಿಯ ಕಡೆ. ಹಳ್ಳದ ಕಡೆ ನೆಡುವವಳು ತಾರವ್ವ ಒಬ್ಬಳೇ.

ಅವಳ ಮನೆ ಬೀಳಗಿ ತಾಲೂಕಿನ ಒಂದು ಪುನರ್ವಸತಿ ಊರಿನಲ್ಲಿದೆ, ಬಾಡಗಂಡಿ ಕಡೆಗೆ ಹೋಗುವ ದಾರಿಯ ಮಗ್ಗುಲಿಗೆ. ಹಳ್ಳದಿಂದ ಅಲ್ಲಿಗೆ ಏರುದಾರಿಯಲ್ಲಿ ಇಪ್ಪತ್ತು ನಿಮಿಷ. ಇಷ್ಟು ಎತ್ತರಕ್ಕೆ ನೀರು ಬರುವುದಿಲ್ಲ ಎಂದು ಅಳತೆಯವರು ಹೇಳಿದ್ದರು. ತಾರವ್ವನಿಗೂ ಅದು ಗೊತ್ತಿತ್ತು. ಆದರೂ ಒಂಬತ್ತು ವರ್ಷ, ಜೂನ್‌ನಿಂದ ಅಕ್ಟೋಬರ್‌ವರೆಗೆ, ಅವಳು ದಿನಕ್ಕೆ ಐದಾರು ಸಲ ಇಳಿದು ಹೋಗಿ ಗೂಟ ನೋಡಿ ಬರುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ಕೈಗೆ ಹಿಟ್ಟು ಅಂಟಿದ ಹಾಗೆಯೇ ಎದ್ದು ಹೋಗುತ್ತಿದ್ದಳು.

ತಾರವ್ವ ಹುಟ್ಟಿದ್ದು ಬನಹಟ್ಟಿಯಲ್ಲಿ, ನೇಕಾರರ ಓಣಿಯ ಒಂದು ಕ್ರೈಸ್ತ ಮನೆಯಲ್ಲಿ. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಮಗ್ಗದ ಕುಣಿಗೆ ಕಾಲಿಳಿಸುವ ಮೊದಲು ಮನೆಯವರೆಲ್ಲ ಅದರ ಸುತ್ತ ಕೂತು ಪ್ರಾರ್ಥನೆ ಮಾಡಬೇಕು ಎಂಬುದು ಆ ಮನೆಯ ಕಟ್ಟಳೆ. ಹಾಡುಗಳನ್ನು ಅವಳು ಕಲಿತದ್ದು ಮಗ್ಗದ ಸಪ್ಪಳದ ಲಯಕ್ಕೆ. ಆ ಓಣಿಯಲ್ಲಿ ನೀರೆಂದರೆ ನಲ್ಲಿಯದು, ಕೊಡದ್ದು. ಹತ್ತೊಂಬತ್ತನೆಯ ವಯಸ್ಸಿಗೆ ಕೃಷ್ಣಾ ನದಿಯ ದಂಡೆಯ ಊರಿನ ದಾನಪ್ಪನಿಗೆ ಅವಳನ್ನು ಕೊಟ್ಟರು.

ಮುನ್ನೂರು ಮನೆಯ ಆ ಊರಿನಲ್ಲಿ ಕ್ರೈಸ್ತರದು ಆರು ಮನೆ. ದಾನಪ್ಪನ ಅಜ್ಜನ ಕಾಲದಿಂದ ಅವರಿಗೆ ಒಂದು ಕೋಣೆಯ ಪ್ರಾರ್ಥನಾ ಮನೆ ಇತ್ತು. ದಾನಪ್ಪನ ಮನೆಗೆ ಗೋಡೆ ಹಚ್ಚಿ ಇದ್ದದ್ದು ಭೀಮಶಿ ಮತ್ತು ಯಲ್ಲಕ್ಕನ ಮನೆ. ಕುರಿ ಸಾಕುವ ಕುಟುಂಬ, ಬೀರಪ್ಪ ದೇವರ ಒಕ್ಕಲು. ಕ್ರಿಸ್‌ಮಸ್ಸಿನ ಕರಿಗಡಬು ಆ ಕಡೆ ಹೋಗುತ್ತಿತ್ತು, ಬೀರಪ್ಪನ ಹೆಸರಿನ ಹೋಳಿಗೆ ಈ ಕಡೆ ಬರುತ್ತಿತ್ತು.

ಆಣೆಕಟ್ಟಿನ ನೀರಿಗೆ ಊರು ಮುಳುಗುತ್ತದೆ ಎಂದು ೧೯೯೭ರಲ್ಲಿ ಅಳತೆಯವರು ಬಂದು ಮನೆಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಮೇಲಿನ ಬಯಲಿನಲ್ಲಿ ಚೀಟಿ ಎತ್ತಿ ನಿವೇಶನ ಹಂಚಿದರು. ಅರ್ಧ ಊರು ಜಂತಿ, ತೊಲೆ, ಬಾಗಿಲು ಕಿತ್ತುಕೊಂಡು ಹೋಯಿತು. ಉಳಿದರ್ಧ ಇವತ್ತು, ನಾಳೆ ಎನ್ನುತ್ತ ಅಲ್ಲೇ ಕೂತಿತು. ಹಾಗೆ ಕೂತವರಿಗೆ ಧೈರ್ಯ ಕೊಟ್ಟದ್ದು ನದಿಯ ಬಗ್ಗೆ ಅವರಿಗಿದ್ದ ತಿಳಿವಳಿಕೆ. ಪ್ರವಾಹ ಪಶ್ಚಿಮದಿಂದ ಬರುತ್ತದೆ, ಊರ ಮುಂದಿನಿಂದ ಬರುತ್ತದೆ, ಕೆಂಪಾಗಿ, ನೊರೆ ಹೊತ್ತು, ಸದ್ದು ಮಾಡುತ್ತ ಬರುತ್ತದೆ. ಮೂರು ತಲೆಮಾರು ಅದನ್ನು ಹಾಗೆಯೇ ಕಂಡಿತ್ತು.

"ಹೊಳಿ ಬರೂ ಮುಂದ ಎರಡ ದಿನ ಮೊದಲ ಬಣ್ಣ ಬದಲ ಮಾಡತೈತಿ," ಎಂದು ಹಿರಿಯರು ಹೇಳುತ್ತಿದ್ದರು. "ಬಣ್ಣ ಬದಲಾದ ದಿನಾ ಗಾಡಿ ಹೂಡಿದರಾತು."

೨೦೦೦ದ ಆಗಸ್ಟಿನಲ್ಲಿ ಅವರು ನದಿಯ ಮೆಟ್ಟಿಲ ಮೇಲೆ ಪಾಳಿ ಹಚ್ಚಿ ಕೂತರು. ಎಷ್ಟು ಮೆಟ್ಟಿಲು ಮುಳುಗಿದವು ಎಂದು ಎಣಿಸಿದರು. ನೀರಿನ ಬಣ್ಣ ನೋಡಿದರು. ಆದರೆ ಆ ವರ್ಷದ ನೀರು ಪ್ರವಾಹದ್ದಲ್ಲ, ಆಣೆಕಟ್ಟಿನದು. ಅದು ಪೂರ್ವದಿಂದ ಬಂತು. ನದಿಯ ದಂಡೆಗಿಂತ ತಗ್ಗಿನಲ್ಲಿದ್ದ ಹಳ್ಳವನ್ನು ಹಿಡಿದು, ಊರ ಬೆನ್ನಿನ ಕಡೆಯಿಂದ, ಸದ್ದಿಲ್ಲದೆ ಒಳಗೆ ಬಂತು. ನೊರೆ ಇರಲಿಲ್ಲ. ಜೋಳದ ಕಣಕಿ, ಒಣ ಸೆಗಣಿ, ಒಂದು ಹಳೆಯ ಚಪ್ಪಲಿ ತೇಲಿಸಿಕೊಂಡು, ನೋಡುವವರಿಗೆ ನಿಂತ ನೀರಿನ ಹಾಗೆಯೇ ಕಾಣುತ್ತ ಏರಿತು. ಬೆಳಗ್ಗೆ ಬಟ್ಟೆ ಒಗೆಯಲು ಹೊರಟ ಹೆಂಗಸರು ನೋಡಿದಾಗ ಊರಿನಿಂದ ಹೊರಗೆ ಹೋಗುವ ಒಂದೇ ದಾರಿ ನೀರಿನ ಅಡಿ ಇತ್ತು.

ಹಗ್ಗ ಕಟ್ಟಿ ಜನರನ್ನು ದಾಟಿಸಿದರು. ತಾರವ್ವನ ಸರದಿ ಬಂದಾಗ ನೀರು ಎದೆಮಟ ಇತ್ತು. ನಾಲ್ಕು ವರ್ಷದ ಮಗಳು ಕೃಪಾ ಅವಳ ಸೊಂಟದ ಮೇಲಿದ್ದಳು. ನಡು ಹಳ್ಳದಲ್ಲಿ ಕಾಲಡಿಯ ಕಲ್ಲು ಜಾರಿತು. ತಾರವ್ವ ಮತ್ತೆ ಹಗ್ಗ ಹಿಡಿದು ನಿಂತಾಗ ಸೊಂಟದ ಮೇಲೆ ಮಗು ಇರಲಿಲ್ಲ.

ಹಿಂದೆ ಬರುತ್ತಿದ್ದ ಭೀಮಶಿ ನೀರಿನೊಳಗೆ ಕೈಯಾಡಿಸಿದ. ಮೂರನೆಯ ಸಲಕ್ಕೆ ಅವನ ಮುಷ್ಟಿಗೆ ಕೂದಲು ಸಿಕ್ಕಿತು. ಕೃಪಾ ಬದುಕಿದಳು. ಎರಡು ದಿನ ಕೆಮ್ಮಿದಳು, ಮೂರನೆಯ ದಿನ ಬೆಲ್ಲ ಕೇಳಿದಳು. ಈಗ ಅವಳಿಗೆ ಅದು ನೆನಪೂ ಇಲ್ಲ. ತಾರವ್ವನಿಗೆ ಮಾತ್ರ ಆ ಮೂರು ಸಲದ ಕೈಯಾಟ ಅಲ್ಲಿಗೆ ಮುಗಿಯಲಿಲ್ಲ.

ಹೊಸ ಊರಿನಲ್ಲಿ ಅವಳು ನಿಂತ ನೀರಿಗೆ ಕಾಲಿಡುವುದನ್ನು ಬಿಟ್ಟಳು. ಮಳೆ ಬಂದು ಓಣಿಯಲ್ಲಿ ಗುಂಡಿ ತುಂಬಿದರೆ ಸುತ್ತು ಹಾಕಿ ಹೋಗುತ್ತಿದ್ದಳು. ಬಕೆಟ್ಟು ತುಂಬಿ ಅಂಚಿಗೆ ಬರುವ ಮೊದಲೇ ನಲ್ಲಿ ಬಂದ್ ಮಾಡುತ್ತಿದ್ದಳು. ದೇವರೊಂದಿಗೆ ಅವಳ ಮಾತು ಆಗ ಬರೀ ಚೌಕಾಶಿಯಾಗಿತ್ತು. ಈ ವಾರ ನೀರು ಏರದಿದ್ದರೆ ಶುಕ್ರವಾರ ಉಪವಾಸ. ಈ ತಿಂಗಳು ದಾಟಿದರೆ ವರ್ಷವಿಡೀ ಹೊಸ ಪ್ರಾರ್ಥನಾ ಮನೆಯ ಕಸ ಗುಡಿಸುತ್ತೇನೆ. ಹೇಳಿದ್ದನ್ನೆಲ್ಲ ಮಾಡಿದಳು. ಅಂಜಿಕೆ ಕಡಿಮೆಯಾಗಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹುಟ್ಟಿದಾಗಿನಿಂದ ವಿಶ್ವಾಸಿ ಎನಿಸಿಕೊಂಡವಳು ತಾನು, ನೆರೆಯವರಿಗಿಂತ ಹೆಚ್ಚು ಅಂಜುತ್ತೇನೆ ಎಂಬ ನಾಚಿಕೆ. ಶಾಂತಿಯ ಹಾಡು ಹಾಡುವಾಗ ಅವಳ ಕಣ್ಣು ಕಿಟಕಿಯಾಚೆ ಇರುತ್ತಿತ್ತು.

ಇದನ್ನು ಕಂಡುಹಿಡಿದವಳು ಮರೆವ್ವ. ಆರು ಮನೆಯವರಲ್ಲಿ ಎಲ್ಲರಿಗಿಂತ ಹಿರಿಯಳು, ವಿಧವೆ. ಮುಧೋಳದಿಂದ ಬರಬೇಕಾದ ಪಾದ್ರಿ ಅಯ್ಯನವರು ಮಳೆಯಿಂದಾಗಿ ಬಾರದಿದ್ದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವಳು ಅವಳೇ. ೨೦೦೫ರ ಜುಲೈ ಕೊನೆಯಲ್ಲಿ ಮೇಲಿನಿಂದ ಭಾರಿ ನೀರು ಬರುವ ಸುದ್ದಿ ಇತ್ತು. ಆ ಭಾನುವಾರ ಪ್ರಾರ್ಥನೆಯ ನಡುವೆ ತಾರವ್ವ ಎದ್ದು ಹಳ್ಳದವರೆಗೆ ಹೋಗಿ ಬಂದಳು. ಮುಗಿದ ಮೇಲೆ ಮರೆವ್ವ ಅವಳನ್ನು ಬಾಗಿಲಲ್ಲಿ ತಡೆದಳು.

"ಏನಬೇ ತಾರಾ, ಪ್ರಾರ್ಥನಾ ಅರ್ಧಕ್ಕ ಬಿಟ್ಟ ಎಲ್ಲಿಗೆ ಹೋಗಿದ್ದಿ? ಗೂಟಕ್ಕ ಆರತಿ ಎತ್ತಾಕ?"

"ನೀರ ಏರಾಕತ್ತೈತಿ, ಆಯಿ."

"ನೀ ಹೋಗಿ ನೋಡಿದರ ಇಳೀತೈತೇನು?"

ತಾರವ್ವ ಅಳತೊಡಗಿದಳು. "ನನಗ ವಿಶ್ವಾಸನ ಇಲ್ಲ ಆಯಿ. ಬಾಯಿಲೆ ಹಾಡ್ತೇನಿ, ಹೊಟ್ಯಾಗ ಬರೇ ಅಂಜಿಕಿ. ಇನ್ನ ಮ್ಯಾಲ ನಾ ಬರೂದಿಲ್ಲ. ಈ ಅಂಜಿಕಿ ಹ್ವಾದ ಮ್ಯಾಲ ಬರತೇನಿ."

"ಅಂಜಿಕಿ ಮನ್ಯಾಗ ಬಿಟ್ಟ ಬಾ ಅಂತ ನಿನಗ ಯಾರ ಹೇಳ್ಯಾರ?" ಎಂದಳು ಮರೆವ್ವ. "ಅದನ್ನೂ ಕರಕೊಂಡ ಬಾ. ಮಗ್ಗಲಾಗ ಕುಂದರಸಕೋ. ಶಿಲುಬಿಗೆ ಏರಸೂ ಹಿಂದಿನ ರಾತ್ರಿ ಏಸಪ್ಪ ತೋಟದಾಗ ಎಷ್ಟ ಬೆವತಾನ, ಗೊತ್ತಿಲ್ಲೇನ ನಿನಗ? ಅಂಜಿಕಿ ಅಂದರ ಏನಂತ ಅಂವಗ ನೀ ಹೇಳಿಕೊಡಬೇಕಾಗಿಲ್ಲ."

ಮರೆವ್ವ ಎರಡು ವರ್ಷದ ನಂತರ ತೀರಿಕೊಂಡಳು. ಅವಳ ಮಾತು ಅಷ್ಟರವರೆಗೂ ತಾರವ್ವನ ಉಪಯೋಗಕ್ಕೆ ಬಂದಿರಲಿಲ್ಲ. ಅವಳು ಗೂಟ ನೋಡುವುದನ್ನು ನಿಲ್ಲಿಸಲಿಲ್ಲ. ಪ್ರಾರ್ಥನೆಗೆ ಬರುವುದನ್ನೂ ಬಿಡಲಿಲ್ಲ, ಅಷ್ಟೇ.

ದಾನಪ್ಪ ಮತ್ತು ಭೀಮಶಿ ಹೊಸ ಊರಿನಲ್ಲಿ ಜೊತೆಯಾಗಿ ಒಂದು ಕೆಲಸ ಹಿಡಿದಿದ್ದರು. ಹಿನ್ನೀರಿನ ದಂಡೆಗೆ ಕಬ್ಬಿನ ಹೊಲದವರು ನೀರೆತ್ತುವ ಮೋಟರು ಕೂಡಿಸಿರುತ್ತಾರೆ. ನೀರು ಇಳಿದ ಹಾಗೆ ಮೋಟರು ಕೆಳಗೆ ಸರಿಯಬೇಕು, ಏರಿದ ಹಾಗೆ ಮೇಲೆ ಬರಬೇಕು. ಕಟ್ಟಿಗೆಯ ಬಂಡಿಯ ಮೇಲೆ ಮೋಟರು ಬಿಗಿದು, ಹಗ್ಗ ಹಚ್ಚಿ, ಕೆಸರಿನ ದಂಡೆಯಲ್ಲಿ ಅದನ್ನು ಎಳೆಯುವುದು ಇವರ ಕೂಲಿ. ಎಳೆಯುವವರ ಕಣ್ಣು ಹಗ್ಗದ ಮೇಲಿರುತ್ತದೆ, ಇಲ್ಲವೆ ಮೋಟರಿಗೆ ಮುಟ್ಟುವ ನೀರಿನ ಮೇಲೆ. ಬೆನ್ನ ಹಿಂದೆ ಯಾರೂ ನೋಡುವುದಿಲ್ಲ.

೨೦೦೯ರ ಅಕ್ಟೋಬರ್ ಮೊದಲ ವಾರ ಜಿಲ್ಲೆಯ ಮೇಲೆ ಬಿಡದೆ ಮಳೆ ಸುರಿಯಿತು. ಹಿನ್ನೀರು ಮೊದಲೇ ತುಂಬಿತ್ತು. ಮಳೆಯ ಮೂರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಕಬ್ಬಿನ ಹೊಲದ ಕಾಮಣ್ಣ ಬಾಗಿಲಿಗೆ ಬಂದ. ಅವನ ಮೋಟರು ಹಳೆಯ ಊರಿನ ದಿಬ್ಬದಾಚೆ, ನದಿಯ ಮಗ್ಗುಲಿಗೆ ಇತ್ತು. ಆ ದಿಬ್ಬಕ್ಕೆ ಹೋಗುವ ದಾರಿ ಅದೇ ಹಳ್ಳವನ್ನು ದಾಟಿ ಹೋಗುತ್ತದೆ.

"ಇವತ್ತ ಬ್ಯಾಡ್ರಿ," ಎಂದಳು ತಾರವ್ವ.

"ಒಂದ ತಾಸಿನ ಕೆಲಸ. ಮ್ಯಾಲ ಏರಿಸಿ ಬಂದಬಿಡ್ತೇವಿ," ಎಂದ ದಾನಪ್ಪ.

"ಹಂಗಾರ ಹೊಳಿ ನೋಡಕೋತ ಕುಂದರಬ್ಯಾಡ್ರಿ. ಹಳ್ಳದ ಕಡೆ ಲಕ್ಷ್ಯ ಇರಲಿ."

ಹೊರಗೆ ತಲೆಗೆ ಗೊಬ್ಬರದ ಚೀಲ ಹೊದ್ದು ನಿಂತಿದ್ದ ಭೀಮಶಿ ಕೂಗಿದ. "ದಾನ್ಯಾ, ಬಾರಲೇ! ತಂಗಿ ಗೂಟಾ ಕೊಡತಾಳೇನ ಕೇಳು, ಅದನ್ನೂ ಹೊತಗೊಂಡ ಹೋಗೂನು!"

ಆ ದಿನ ತಾರವ್ವ ಎರಡು ಗೂಟ ನೆಟ್ಟಿದ್ದಳು. ಒಂದು ನೀರಿನ ಅಂಚಿಗೆ, ಇನ್ನೊಂದು ಅದಕ್ಕಿಂತ ಒಂದು ಮಾರು ಮೇಲೆ. ಹನ್ನೊಂದಕ್ಕೆ ಹೋಗಿ ನೋಡಿದಾಗ ಕೆಳಗಿನದು ಕಾಣಲಿಲ್ಲ. ಮೇಲಿನದರ ಬುಡಕ್ಕೆ ನೀರು ಬಂದಿತ್ತು. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅವಳು ನೋಡುತ್ತಿದ್ದ ಹಾಗೆಯೇ ಮೊದಲ ಕಚ್ಚು ಮುಳುಗಿತು, ಆಮೇಲೆ ಎರಡನೆಯದು. ಆ ಎರಡು ಕಚ್ಚು ಮುಳುಗುವಷ್ಟರಲ್ಲಿ ದಿಬ್ಬದ ದಾರಿ ಮುಚ್ಚಿಹೋಗಿರುತ್ತದೆ ಎಂದು ಅವಳಿಗೆ ಲೆಕ್ಕವಿತ್ತು.

ಓಡಿ ಕಾಮಣ್ಣನ ಮನೆಗೆ ಹೋದಳು.

"ಯಾಕಿಷ್ಟ ಗಾಬರಿ ಆಗೀಯವಾ?" ಎಂದ ಕಾಮಣ್ಣ. "ಹೊಳಿ ನಿಂತಲ್ಲೇ ನಿಂತೈತಿ. ನಾನ ಈಗ ನೋಡಿ ಬಂದೇನಿ."

"ಹಳ್ಳ ನೋಡೀರೇನ್ರಿ?"

ಕಾಮಣ್ಣ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟ.

ಹರಿಗೋಲು ಇರುವ ಮೀನುಗಾರರ ಗುಡಿಸಲುಗಳು ಅರ್ಧ ಮೈಲು ದೂರ. ಕಾಮಣ್ಣ ಜನರನ್ನು ಕೂಡಿಸಲು ಹೋದ. ತಾರವ್ವ ಕಾಯಲಿಲ್ಲ. ಯಲ್ಲಕ್ಕನನ್ನು ಕರೆದುಕೊಂಡು ನೇರ ನಡೆದಳು. ದಾರಿಯಲ್ಲಿ ಒಂದು ಸಣ್ಣ ಸೇತುವೆ ಇದೆ. ಅದರ ಮೇಲೆ ಮೊಣಕಾಲಮಟ ನೀರು ಹರಿಯುತ್ತಿತ್ತು. ಕೆಂಪು ನೀರು, ಅಂಚು ಕಾಣುತ್ತಿರಲಿಲ್ಲ. ಯಲ್ಲಕ್ಕ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ತಿರುಗಿ ನೋಡಿದರೆ ತಾರವ್ವ ಇನ್ನೂ ದಂಡೆಯ ಮೇಲೆ ನಿಂತಿದ್ದಳು.

"ಬಾರಬೇ! ಕೈ ಹಿಡಿ!"

ಒಂಬತ್ತು ವರ್ಷ ನೀರಿಗೆ ಇಳಿಯದ ಕಾಲು ಏಳಲಿಲ್ಲ. ಅಂಜಿಕೆ ಹೋಗಲಿ ಎಂದು ಕಾಯುವಷ್ಟು ಹೊತ್ತು ಇರಲಿಲ್ಲ. ಮರೆವ್ವನ ಮಾತು ಆಗ ನೆನಪಾಯಿತು. ತಾರವ್ವ ನೀರಿಗೆ ಕಾಲಿಟ್ಟು, ಗಟ್ಟಿಯಾಗಿಯೇ ಹೇಳಿದಳು, "ಕರಕೊಂಡ ಹೊಂಟೇನಿ, ಆಯಿ."

"ಯಾರನ್ನ?" ಎಂದು ಯಲ್ಲಕ್ಕ ಸುತ್ತ ನೋಡಿದಳು. ಅಲ್ಲಿ ಇವರಿಬ್ಬರೇ ಇದ್ದರು.

ಮೀನುಗಾರರ ಹಿರಿಯ ನೀರು ನೋಡಿದ, ಗಾಳಿ ನೋಡಿದ, ತಲೆಯಾಡಿಸಿದ. "ಈಗ ಹರಗೋಲ ಬಿಟ್ಟರ ಹಳ್ಳದ ಸೆಳವಿನಾಗ ತಿರಗ್ಯಾಡಿ ಮುಳಗತೈತಿ. ಇಬ್ಬರ ಹೋಗೂದಲ್ಲ, ನಾಕ ಮಂದಿ ಹೋಗ್ತೇವಿ. ಗಾಳಿ ಬೀಳಲಿ ತಂಗಿ, ನಾನ ಹೇಳಿ ಕಳಸ್ತೇನಿ."

ಇಬ್ಬರು ಹೆಂಗಸರು ದಂಡೆಯ ಮೇಲೆ, ಮಗುಚಿ ಹಾಕಿದ ಒಂದು ಹಳೆಯ ಹರಿಗೋಲಿನ ಮಗ್ಗುಲಲ್ಲಿ ಕೂತರು. ದಿಬ್ಬ ಮಳೆಯಲ್ಲಿ ಕಾಣುತ್ತಿರಲಿಲ್ಲ. ಕೂಗಿದರು. ಉತ್ತರ ಬಂತೋ ಗಾಳಿಯ ಸದ್ದೋ ತಿಳಿಯಲಿಲ್ಲ. ಯಲ್ಲಕ್ಕ ಸೆರಗಿನ ಗಂಟು ಬಿಚ್ಚಿ, ಬೀರಪ್ಪನ ಅರಿಶಿನದ ಭಂಡಾರವನ್ನು ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡಳು. ಇಬ್ಬರೂ ತಿರುಗಿ ಬಂದರೆ ಒಂದು ಕಂಬಳಿ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಳು. ಆಮೇಲೆ ತಾರವ್ವನನ್ನು ನೋಡಿದಳು.

"ನೀನೂ ಏನರ ಬೇಡಿಕೋ. ನಿಮ್ಮ ದೇವರಿಗೆ ಹರಕಿ ಇಲ್ಲೇನಬೇ?"

"ಇಲ್ಲ ಅಕ್ಕಾ."

"ಮತ್ತ ಏನ ಕೊಟ್ಟ ಕೇಳ್ತೀರಿ?"

ಕೊಡುವುದನ್ನೆಲ್ಲ ತಾರವ್ವ ಕೊಟ್ಟು ಮುಗಿಸಿದ್ದಳು. ಉಪವಾಸ, ಕಸಗುಡಿಸುವುದು, ಒಂಬತ್ತು ವರ್ಷದ ಕಾವಲು. "ಏನೂ ಇಲ್ಲ. ಬರಿಗೈಲೆ ಕೇಳಬೇಕು," ಎಂದಳು.

"ಅದ ಭಾಳ ತ್ರಾಸಿಂದು ಬಿಡವಾ," ಎಂದಳು ಯಲ್ಲಕ್ಕ.

ಮೂರು ಗಂಟೆಗೆ ಗಾಳಿ ತಗ್ಗಿತು. ಇಬ್ಬರು ಮೀನುಗಾರರು ಹರಿಗೋಲು ಇಳಿಸಿ ಹೋದರು. ಮಳೆಯ ತೆರೆಯೊಳಗೆ ಹರಿಗೋಲು ಮರೆಯಾಯಿತು. ನಾಲ್ಕೂವರೆಯ ಸುಮಾರಿಗೆ ಮತ್ತೆ ಕಾಣಿಸಿಕೊಂಡಿತು, ಮೊದಲು ಒಂದು ಕಪ್ಪು ಚುಕ್ಕೆಯಾಗಿ. ಅದು ನೇರವಾಗಿ ಬರುವುದಿಲ್ಲ, ಸುತ್ತುತ್ತ ಬರುತ್ತದೆ. ಇಬ್ಬರೂ ಎದ್ದು ನಿಂತು ತಲೆ ಎಣಿಸಿದರು. ಹರಿಗೋಲು ಒಂದು ಸುತ್ತು ತಿರುಗಿತು. ಮತ್ತೆ ಎಣಿಸಿದರು. ಮೂರೇ ತಲೆ.

ಹೋದ ಮೀನುಗಾರರು ಇಬ್ಬರು. ಹಾಗಾದರೆ ಬಂದವನು ಒಬ್ಬನೇ.

ಯಲ್ಲಕ್ಕ ತಾರವ್ವನ ಮುಂಗೈ ಹಿಡಿದಳು. ನನ್ನವನೇ ಆಗಿರಲಿ ಎಂದು ಬೇಡಿದರೆ ಪಕ್ಕದಲ್ಲಿ ನಿಂತವಳ ಗಂಡ ಇರಬಾರದು ಎಂದು ಬೇಡಿದ ಹಾಗೆ. ಆ ಪಕ್ಕದವಳ ಗಂಡನೇ ಒಂಬತ್ತು ವರ್ಷದ ಹಿಂದೆ ನೀರಿನಲ್ಲಿ ಮೂರು ಸಲ ಕೈಯಾಡಿಸಿ ಕೃಪಾಳನ್ನು ಎತ್ತಿದವನು. ತಾರವ್ವನ ಬಾಯಿಗೆ ಬಂದ ಪ್ರಾರ್ಥನೆ ಅಲ್ಲೇ ನಿಂತಿತು. ಕೇಳಲು ಬರುವಂಥದ್ದು ಒಂದೂ ಇರಲಿಲ್ಲ.

ಆ ಹೊತ್ತು ಎಷ್ಟಿತ್ತು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ. ಯಲ್ಲಕ್ಕ ಅರ್ಧ ತಾಸು ಎನ್ನುತ್ತಾಳೆ. ತಾರವ್ವ, ಹತ್ತು ನಿಮಿಷ ಇರಬಹುದು ಎನ್ನುತ್ತಾಳೆ. ಹರಿಗೋಲು ಇನ್ನೊಂದು ಸುತ್ತು ತಿರುಗಿದಾಗ ಮೂರನೆಯವನ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಕಂಡಿತು. ಭೀಮಶಿ.

ಯಲ್ಲಕ್ಕನ ಗಂಟಲಿನಿಂದ ಒಂದು ಕೂಗು ಹೊರಟಿತು. ಅದರ ಅರ್ಧಕ್ಕೇ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೆಳಗೆ ಕೂತಳು. ಅವಳನ್ನು ಹಿಡಿದು ಎಬ್ಬಿಸಿದವಳು ತಾರವ್ವ.

"ನಿನ್ನಾಂವ ಬಂದಾನ ಅಕ್ಕಾ. ಹೋಗು. ನೀರಾಗ ಇಳಿ."

ಹೀಗೆ ಹೇಳಿದ್ದನ್ನು ಯಲ್ಲಕ್ಕ ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ. ತಾರವ್ವ ಹೇಳುವುದು ಇಷ್ಟು: "ನನ್ನ ಅಂಜಿಕಿ ಒಂದ ಕೂದಲಷ್ಟೂ ಕಡಿಮಿ ಆಗಿರಲಿಲ್ಲ. ಆದರ ಅದರ ಕೂಡ ಇನ್ನೊಬ್ಬರ ಯಾರೋ ಇದ್ದರು. ಒಂಬತ್ತ ವರ್ಷ ನಾ ಒಬ್ಬಾಕಿನ ಕಾದೇನಿ ಅಂತ ತಿಳಕೊಂಡಿದ್ದೆ. ಅವತ್ತ ಒಬ್ಬಾಕಿನ ಇರಲಿಲ್ಲ. ಏಸಪ್ಪಾ, ಹ್ವಾದರೂ ನನ್ನ ಗಂಡ ನಿನ್ನಾಂವನ, ಬಂದರೂ ನಿನ್ನಾಂವನ ಅಂತ ಮನಸಿನಾಗ ಹೇಳಿದೆ. ಹೇಳಿದ ಮ್ಯಾಲ ಉಸರ ಆಡಾಕತ್ತು."

ಹರಿಗೋಲು ದಂಡೆಗೆ ತಾಗಿತು. ಮೊದಲು ಇಳಿದ ಭೀಮಶಿ ಹೆಂಡತಿಯ ಕಡೆ ನೋಡದೆ ಕೂಗಿದ. "ತಂಗೀ, ಬಾ ಇಲ್ಲಿ! ಹಿಡಿ ಇಂವನ್ನ! ಎಮ್ಮಿಯಷ್ಟ ಭಾರ ಅದಾನ!"

ದಾನಪ್ಪ ಹರಿಗೋಲಿನ ತಳದಲ್ಲಿ ಮಲಗಿದ್ದ. ಹಗ್ಗ ಹರಿದು ಮೋಟರಿನ ಬಂಡಿ ಹಿಂದಕ್ಕೆ ಜಾರಿ ಅವನ ಎಡಗಾಲಿನ ಮೇಲೆ ಕೂತಿತ್ತು. ಬಂಡಿಯಡಿಯಿಂದ ಕಾಲು ಬಿಡಿಸಿಕೊಳ್ಳಲು ಒಂದು ತಾಸು ಹಿಡಿದಿತ್ತು. ಭೀಮಶಿ ಅವನನ್ನು ಬೆನ್ನ ಮೇಲೆ ಹೊತ್ತು ತಿರುಗಿದರೆ ಹಿಂದೆ ದಾರಿ ಇರಲಿಲ್ಲ. ದಿಬ್ಬದ ಮೇಲೆ ಉಳಿದದ್ದು ಹಳೆಯ ಬೀರಪ್ಪನ ಗುಡಿಯ ಕಲ್ಲಿನ ಕಟ್ಟೆ ಒಂದೇ. ನಾಲ್ಕು ತಾಸು ಇಬ್ಬರೂ ಅದರ ಮೇಲೆ ಕಳೆದಿದ್ದರು.

ತಾರವ್ವ ಬಗ್ಗಿ ನೋಡಿದಾಗ ದಾನಪ್ಪ ಕಣ್ಣು ಬಿಟ್ಟ. "ಹಳ್ಳ ನೋಡೂದ ಮರತ್ವಿ," ಎಂದ.

ಜಮಖಂಡಿಯ ಒಂದು ದವಾಖಾನೆಯಲ್ಲಿ ಅವನ ಕಾಲಿಗೆ ರಾಡು ಹಾಕಿದರು. ಕಾಲು ಉಳಿಯಿತು, ಕುಂಟು ಉಳಿಯಿತು. ಮೋಟರು ಎಳೆಯುವ ಕೆಲಸ ಅಲ್ಲಿಗೆ ಮುಗಿಯಿತು. ಕಬ್ಬಿನ ಹಂಗಾಮಿನಲ್ಲಿ ಗಂಡಹೆಂಡತಿ ಈಗ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರಿನವರಿಗೆ ಚಹಾ, ಚುರುಮುರಿ ಮಾರುತ್ತಾರೆ. ಕಂಬಳಿಯ ಹರಕೆ ತೀರಿಸಿ ಬಂದ ಯಲ್ಲಕ್ಕ ತಾರವ್ವನ ಕಟ್ಟೆಯ ಮೇಲೆ ಕೂತು ಅಂದಿದ್ದಳು, "ನಮ್ಮ ಬೀರಪ್ಪ ಕುಂದರಾಕ ಜಾಗಾ ಕೊಟ್ಟ. ನಿಮ್ಮ ಏಸಪ್ಪ ಗಾಳಿ ನಿಂದರಿಸಿದ. ನಮ್ಮ ಗಂಡಸರ ಇಬ್ಬರ ದೇವರಿಗೂ ಕೆಲಸಾ ಹಚ್ಚಿದರ ನೋಡ, ಭಾಡಕೋಗೋಳು."

ಆಣೆಕಟ್ಟಿನ ಎತ್ತರ ಇನ್ನೂ ಹೆಚ್ಚುತ್ತದೆ ಎಂಬ ಮಾತು ಈಗ ಎಲ್ಲ ಕಡೆ ಇದೆ. ೨೦೧೨ರ ಬೇಸಿಗೆಯಲ್ಲಿ ಅಳತೆಯವರು ಮತ್ತೆ ಬಂದು, ಪುನರ್ವಸತಿ ಊರಿನ ಕೆಳಗಿನ ಸಾಲಿನ ಹತ್ತಿರ ಮೂರು ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದು ಹೋದರು. ಯಾವ ಮನೆ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಯಾರೂ ಹೇಳಿಲ್ಲ. ತಾರವ್ವನ ಮನೆ ಆ ಕಲ್ಲುಗಳಿಂದ ಆರನೆಯದು. ಮತ್ತೊಮ್ಮೆ ಜಂತಿ ಕೀಳಬೇಕಾದೀತು ಎಂದು ದಾನಪ್ಪ ಚಿಂತೆ ಮಾಡುತ್ತಾನೆ.

ಅಂಜಿಕೆ ಹೋಯಿತೇ ಎಂದು ತಾರವ್ವನನ್ನು ಕೇಳಿದರೆ, "ಎಲ್ಲಿಗೆ ಹೋಗತೈತ್ರಿ? ಇಲ್ಲೇ ಮಗ್ಗಲಾಗ ಕುಂತೈತಿ," ಎನ್ನುತ್ತಾಳೆ. ಭಾನುವಾರ ಪ್ರಾರ್ಥನಾ ಮನೆಯಲ್ಲಿ ಅವಳು ಕೂರುವುದು ಈಗಲೂ ಕಿಟಕಿಯ ಹತ್ತಿರವೇ. ನಡುವೆ ಎದ್ದು ಹೋಗುವುದಿಲ್ಲ.

ಈ ಸಲದ ಮಳೆಗಾಲಕ್ಕೂ ಅವಳು ಜಾಲಿ ಗೂಟ ಕಡಿದು, ಕಚ್ಚು ಹಾಕಿ, ಹಳ್ಳದಲ್ಲಿ ನೆಟ್ಟಳು. ಸಂಜೆ ಐದಕ್ಕೆ ನೆಟ್ಟು ಬಂದರೆ ಮತ್ತೆ ನೋಡುವುದು ಮರುದಿನ ಬೆಳಗ್ಗೆ, ರೊಟ್ಟಿ ಬಡಿದು, ಎಲ್ಲರಿಗೂ ಬಡಿಸಿ, ಕೈ ತೊಳೆದುಕೊಂಡ ಮೇಲೆ.